ನಾಲ್ಕು ಕುಂಡ

ಮಾರ್ಚ್ 4, 2025, ಮಂಗಳವಾರ

ಬೆಳಿಗ್ಗೆ ಗಾಜಿನ ಮನೆಯ ಹದಿನಾಲ್ಕನೇ ಸಾಲಿನ ದೊಣ್ಣೆ ಮೆಣಸಿನಕಾಯಿ ಕೊಯ್ದು ತಿಂದು ನೋಡಿದೆ. ಹಳದಿ ಬಣ್ಣ, ಮೈತುಂಬ ಹೊಳಪು, ಮದುವೆಗೆ ಹೊರಟು ನಿಂತವರ ಹಾಗೆ. ಬಾಯಿಗಿಟ್ಟರೆ ಮಾತ್ರ ಸಿಪ್ಪೆ ಚಪ್ಪಲಿಯ ಬಾರು. ಈ ಸಾಲನ್ನು ಕಿತ್ತು ಹಾಕಬೇಕು. ಆದರೆ ಹೆಂಡ್ರಿಕ್ ಸರ್‌ಗೆ ಆ ಬಣ್ಣದ ಮೇಲೆ ಜೀವ. ಎಪ್ಪತ್ನಾಲ್ಕು ವರ್ಷದವರು, ಈ ಬೀಜದ ಕಂಪನಿ ಕಟ್ಟಿದವರು, ಅವರಿಗೆ ನಾನೇನು ಹೇಳುವುದು? ಇರಲಿ ಎಂದು ಮುಂದಿನ ಸಾಲಿಗೆ ಹೋದೆ.

ಹನ್ನೊಂದಕ್ಕೆ ಮಾರೈಕೆ ಆಫೀಸಿಗೆ ಕರೆದಳು. ಸರ್ ಮಗಳು, ಈಗ ಕಂಪನಿ ನಡೆಸುವವಳು ಅವಳೇ. ಮುಖ ನೋಡಿದ ಕೂಡಲೇ ಯಾರೋ ಹೋಗಿಬಿಟ್ಟಿದ್ದಾರೆ ಅಂದುಕೊಂಡೆ. ಹೋಗಬೇಕಾದವಳು ನಾನು. ಇಲ್ಲಿದ್ದು ಕೆಲಸ ಮಾಡುವ ನನ್ನ ಪರವಾನಗಿ ನವೀಕರಿಸಲು ಕಂಪನಿ ಹಾಕಿದ್ದ ಅರ್ಜಿಯನ್ನು ವಲಸೆ ಇಲಾಖೆ ತಿರಸ್ಕರಿಸಿದೆ. ಅವರು ಕೊಟ್ಟ ಕಾರಣ: ಚಂದ್ರಪ್ರಭಾ ಪೂಜಾರ ಅವರ, ಅಂದರೆ ನನ್ನ, ಕೆಲಸ ತಳಿ ತಜ್ಞರದ್ದಲ್ಲ, ಗಾಜಿನ ಮನೆಯ ಸಹಾಯಕಿಯದ್ದು. ತಳಿ ಆರಿಸುವ ನಿರ್ಧಾರವೆಲ್ಲ ಶ್ರೀ ಹೆಂಡ್ರಿಕ್ ಅವರದ್ದು. ಸಹಾಯಕಿಯ ಕೆಲಸಕ್ಕೆ ಈ ಸಂಬಳ, ಈ ಪರವಾನಗಿ ಹೊಂದುವುದಿಲ್ಲ. ನಿಜ ಹೇಳಬೇಕೆಂದರೆ ಓದಿದಾಗ ನನಗೂ ಸರಿಯಾಗಿಯೇ ಕಂಡಿತು. ಅವರು ಕಂಡುಕೊಂಡದ್ದೆಲ್ಲ ನಾನೇ ಬರೆದುಕೊಟ್ಟದ್ದು.

"ನಿನ್ನ ಕೆಲಸದ ವಿವರ ನೀನೇ ಬರಿ ಅಂತ ಬಿಟ್ಟದ್ದು ನನ್ನ ತಪ್ಪು," ಎಂದಳು ಮಾರೈಕೆ. "ಒಂದೂವರೆ ಪುಟದಲ್ಲಿ ಅಪ್ಪನ ಹೆಸರು ಹನ್ನೊಂದು ಸಲ ಇದೆ. ನಿನ್ನದು ಸಹಿಯಲ್ಲಿ ಮಾತ್ರ."

ಸಂಜೆ ಗಾನವಿಗೆ ಹೇಳಿದೆ. ಡಚ್ಚರ ನಾಡಿನ ಈ ಲೈಡನ್ ಊರಿನ ಮನೆಯಲ್ಲಿ ನಾವಿಬ್ಬರೇ ಇರುವುದು. ಅವಳು ಬೆಂಗಳೂರಿನವಳು, ದಿನಾ ಯುಟ್ರೆಕ್ಟ್‌ಗೆ ರೈಲಿನಲ್ಲಿ ಹೋಗಿ ಸಾಫ್ಟ್‌ವೇರ್ ಕೆಲಸ ಮಾಡಿ ಬರುತ್ತಾಳೆ. ನಾನು ಬರೆದುಕೊಟ್ಟಿದ್ದ ವಿವರ ಓದಿ ತಲೆ ಚಚ್ಚಿಕೊಂಡಳು. "ಅಕ್ಕಾ, ಯಾರಾದ್ರೂ ಹೀಗ್ ಬರೀತಾರಾ? ನಮ್ ಟೀಮಲ್ಲಿ ಒಂದು ಬಟನ್ ಕಲರ್ ಚೇಂಜ್ ಮಾಡಿದ್ರೂ ಇಡೀ ಪ್ರಾಜೆಕ್ಟ್ ನಾನೇ ಲೀಡ್ ಮಾಡಿದ್ದು ಅಂತ ಹಾಕ್ಕೋತಾರೆ!"

ಚಿತ್ರಾನ್ನ ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಮಾರ್ಚ್ 6, ಗುರುವಾರ

ಮಾರೈಕೆ, ನಾನು ವಕೀಲೆಯನ್ನು ನೋಡಿ ಬಂದೆವು. ನಾಲ್ಕು ವಾರದೊಳಗೆ ಆಕ್ಷೇಪಣೆ ಸಲ್ಲಿಸಬೇಕಂತೆ. ಅದು ತೀರ್ಮಾನವಾಗುವ ತನಕ ನಾನು ಇಲ್ಲಿ ಇರಬಹುದು, ಕೆಲಸವನ್ನೂ ಮಾಡಬಹುದು. ಅಷ್ಟು ಕೇಳಿಯೇ ಅರ್ಧ ಜೀವ ಬಂತು.

"ಯಾವ ಗಿಡ ಉಳಿಯಬೇಕು, ಯಾವುದು ಹೋಗಬೇಕು ಎಂದು ನಿರ್ಧರಿಸುವುದು ನೀವೇ ಎನ್ನಲು ದಾಖಲೆ ಬೇಕು," ಎಂದರು ವಕೀಲೆ.

ಮಾರೈಕೆ ಥಟ್ಟನೆ, "ಅದು ಸುಲಭ. ಆರಿಸಿದ ಪ್ರತಿ ಗಿಡಕ್ಕೂ ಚೀಟಿ ಕಟ್ಟುತ್ತೇವೆ. ತಾರೀಖು ಇರುತ್ತದೆ, ಆರಿಸಿದವರ ಹೆಸರಿನ ಮೊದಲಕ್ಷರ ಇರುತ್ತದೆ. ಮೂರು ವರ್ಷದ ಚೀಟಿಗಳನ್ನೂ ಇಟ್ಟಿದ್ದೇವೆ," ಎಂದಳು.

ನಾನು ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟೆ.

ಮಾರ್ಚ್ 15, ಶನಿವಾರ

ಹದಿನೇಳು ಪೆಟ್ಟಿಗೆ ಚೀಟಿ. ಗಾನವಿಯೂ ಬಂದು ನೆಲದ ಮೇಲೆ ಕೂತು ಸಹಾಯ ಮಾಡಿದಳು. ಎಚ್.ವಿ., ಎಚ್.ವಿ., ಎಚ್.ವಿ. ಹೆಂಡ್ರಿಕ್ ಫೆರ್ಹೂಫ್, ಡಚ್ಚರು 'ವಿ' ಬರೆದು 'ಫ' ಎನ್ನುತ್ತಾರೆ. ಬರೆದದ್ದೆಲ್ಲ ನನ್ನ ದುಂಡು ಅಕ್ಷರ, ಹೆಸರು ಮಾತ್ರ ಸರ್‌ದು.

"ಇದೇನು ಅಕ್ಕಾ, ಫೋರ್ಜರಿನಾ?" ಎಂದಳು ಗಾನವಿ.

ನಮ್ಮ ರಾಣೆಬೆನ್ನೂರಿನ ಬೀಜದ ಪ್ಲಾಟುಗಳಲ್ಲಿ ಹೀಗೆಯೇ. ಹೂ ಬಿಡಿಸಿ ಪರಾಗ ಮುಟ್ಟಿಸುವುದು ಹೆಂಗಸರು, ಚೀಟಿಯ ಮೇಲೆ ಸಾವುಕಾರರ ಹೆಸರು. ಅವ್ವ ಇಪ್ಪತ್ತೆಂಟು ವರ್ಷ ಹಾಗೆ ಕಟ್ಟಿದಳು, ಈಗ ಹನ್ನೆರಡು ಜನ ಹೆಂಗಸರ ಮೇಲ್ವಿಚಾರಣೆ ಅವಳದ್ದು. ರಜೆಯಲ್ಲಿ ಹೋಗಿ ನಾನೂ ಕಲಿತೆ. ಧಾರವಾಡದಲ್ಲಿ ಎಂಎಸ್ಸಿ ಮಾಡಿದೆ, ಕಂಪನಿಗಳಲ್ಲಿ ದುಡಿದೆ, ಇಲ್ಲಿಗೂ ಬಂದೆ, ಕೈ ಮಾತ್ರ ಮೊದಲು ದೊಡ್ಡವರ ಹೆಸರನ್ನೇ ಬರೆಯುತ್ತದೆ. ನನ್ನ ಹೆಸರು ಬರೆದುಕೊಂಡರೆ ಸರ್ ಏನಂದುಕೊಳ್ಳುತ್ತಾರೋ ಎಂದು ಕೂಡ ಯೋಚಿಸಿರಲಿಲ್ಲ. ಯೋಚಿಸುವ ವಿಷಯ ಅದು ಎಂದೇ ಹೊಳೆದಿರಲಿಲ್ಲ.

ಪೆಟ್ಟಿಗೆಯ ತಳದಲ್ಲಿ ಆ ನಾಲ್ಕು ಚೀಟಿಗಳೂ ಸಿಕ್ಕವು. 61, ಎಚ್.ವಿ., 14-6-22. ಅವನ್ನು ಬೇರೆ ತೆಗೆದಿಟ್ಟೆ. ಗಾನವಿ ನೋಡಲಿಲ್ಲ.

ಮಾರ್ಚ್ 16, ಭಾನುವಾರ

ಆ ಚೀಟಿಗಳ ವಿಷಯ ಇಲ್ಲಾದರೂ ಬರೆದು ಹಗುರಾಗುತ್ತೇನೆ.

2022ರ ಜೂನ್, ನಾನು ಸೇರಿ ಮೂರು ತಿಂಗಳು. ಸರ್ ಅರವತ್ತೊಂದನೇ ಸಾಲನ್ನು ನೋಡಿ, "ಕುಳ್ಳ ಕಾಯಿ, ಯಾರೂ ಕೊಳ್ಳುವುದಿಲ್ಲ, ಎಲ್ಲ ಕಿತ್ತು ಗೊಬ್ಬರದ ಗುಂಡಿಗೆ ಹಾಕು," ಎಂದು ಹೇಳಿ ಉತ್ತರದ ಫ್ರೀಸ್‌ಲ್ಯಾಂಡ್ ಸರೋವರಗಳ ಕಡೆ ದೋಣಿ ಹತ್ತಿ ಹೋದರು. ಪ್ರತಿ ಜೂನ್‌ನಲ್ಲೂ ಅವರು ದೋಣಿಯಲ್ಲೇ ವಾಸ. ನಾನು ಕಿತ್ತೆ. ಕೀಳುವಾಗ ಒಂದು ಕಾಯಿ ತಿಂದೆ. ಅಷ್ಟು ಸಿಹಿ ದೊಣ್ಣೆ ಮೆಣಸಿನಕಾಯಿ ನಾನು ಹುಟ್ಟಿದ ಮೇಲೆ ತಿಂದಿರಲಿಲ್ಲ. ನಾಲ್ಕು ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಕುಂಡಕ್ಕಿಟ್ಟು, ಅಭ್ಯಾಸದಂತೆ ಎಚ್.ವಿ. ಎಂದು ಚೀಟಿ ಕಟ್ಟಿ ಮೂಲೆಗಿಟ್ಟೆ. ಅವರು ಬಂದ ಮೇಲೆ ಹೇಳೋಣ ಎಂದುಕೊಂಡಿದ್ದೆ.

ಆಗಸ್ಟ್‌ನಲ್ಲಿ ಅವರೇ ಕುಂಡಗಳನ್ನು ಕಂಡರು. ಚೀಟಿ ಓದಿದರು, ಕಾಯಿ ತಿಂದರು, ಕಣ್ಣರಳಿಸಿದರು. "ನೋಡಿದೆಯಾ ಪ್ರಭಾ! ಬಾಯಿ ಎಸೆ ಅಂದಿತು, ಕೈ ಉಳಿಸಿಕೊಂಡಿತು. ಉಳಿಸಿದ್ದೇ ಮರೆತುಬಿಟ್ಟಿದ್ದೆ!" ಅಷ್ಟು ಖುಷಿಯಲ್ಲಿರುವವರಿಗೆ ಏನು ಹೇಳುವುದು? ಆ ತಳಿಗೆ ತೀರಿಕೊಂಡ ಹೆಂಡತಿಯ ಹೆಸರಿಟ್ಟರು, ಯಾನ್ನೆಕೆ. ಹೋದ ವರ್ಷದಿಂದ ನಮ್ಮ ಕಂಪನಿಯಲ್ಲಿ ಅತಿ ಹೆಚ್ಚು ಮಾರುವ ಬೀಜ ಅದೇ. ಬಂದವರಿಗೆಲ್ಲ ಬಲಗೈ ಎತ್ತಿ ತೋರಿಸುತ್ತಾರೆ: ನನ್ನ ಕೈಗೆ ನನಗಿಂತ ಹೆಚ್ಚು ಗೊತ್ತು.

ಇದನ್ನು ಆಕ್ಷೇಪಣೆಯಲ್ಲಿ ಬರೆಯುವುದಿಲ್ಲ. ಪರವಾನಗಿ ಹೋದರೆ ಹೋಗಲಿ. ಹೆಂಡತಿಯ ಹೆಸರನ್ನು ಅವರ ಕೈಯಿಂದ ಕಿತ್ತುಕೊಂಡು ನಾನು ಇಲ್ಲಿ ಉಳಿಯಬೇಕೇ? ನಾಚಿಕೆಯಾಗುತ್ತದೆ.

ಮಾರ್ಚ್ 27, ಗುರುವಾರ

ಆಕ್ಷೇಪಣೆ ಹೋಯಿತು. ಮಾರೈಕೆಯ ಪತ್ರ, ಸರ್ ಪತ್ರ, ನನ್ನ ಡಿಗ್ರಿ, ಅದು ಇದು. ಚೀಟಿಗಳ ವಿಷಯದಲ್ಲಿ ವಕೀಲೆಗೆ ಸಮಾಧಾನವಿಲ್ಲ. "ಎಲ್ಲರೂ ನಿಮ್ಮನ್ನು ಹೊಗಳಿದ್ದಾರೆ. ಹೊಗಳಿಕೆ ಸಾಕ್ಷಿಯಾಗುವುದಿಲ್ಲ," ಎಂದರು.

ಮಾರ್ಚ್ 30, ಭಾನುವಾರ, ಯುಗಾದಿ

ಇವತ್ತೇ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದಿನ. ಹಬ್ಬದ ನಿದ್ದೆಯಲ್ಲಿ ಒಂದು ಗಂಟೆ ಸರ್ಕಾರದ ಪಾಲಾಯಿತು. ಬೇವಿನ ಸೊಪ್ಪು ಹೇಗ್‌ನ ಅಂಗಡಿಯಿಂದ ಗಾನವಿ ತಂದಿದ್ದಳು, ನಾಲ್ಕೇ ಎಸಳು, ಬಂಗಾರದ ಬೆಲೆ. ಹೋಳಿಗೆ ನಾನು ಮಾಡಿದೆ. ಹದ ಬಂದಿತ್ತು.

ಅವ್ವನಿಗೆ ಫೋನ್ ಮಾಡಿದಾಗ ಕುಂಡದ ಕಥೆಯನ್ನೂ ಹೇಳಿಬಿಟ್ಟೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಚೀಟಿ ಮ್ಯಾಲ ದೊಡ್ಡೋರ ಹೆಸರು ಬರೀಬೇಕು ಅಂತ ನಿನಗ ಕಲಿಸಿದಾಕಿ ನಾನs," ಎಂದಳು. "ಬರೀ ಅದನ್ನ ಕಲಿಸಿದೆ ನೋಡು. ಕಾಯಿ ಕಚ್ಚದಿದ್ರ ಸಾವುಕಾರ್ರು ಯಾರ ಹೆಸರು ಹಿಡದು ಬೈತಿದ್ರು ಗೊತ್ತೈತೇನು? ರಾಜಮ್ಮಂದು. ಆವಾಗ ನನ್ನ ಹೆಸರು ಛಲೋ ನೆನಪಿರತಿತ್ತು ಅವರಿಗೆ."

"ಅವರು ಹಂಗಲ್ಲವ್ವ. ಭಾಳ ಛಲೋ ಮನಿಷ್ಯಾ."

"ಛಲೋ ಮನಿಷ್ಯಾ ಇದ್ರ ಮತ್ಯಾಕ ಅಂಜತೀ? ಕೇಳಿದ್ರ ಖರೇ ಹೇಳು. ಮುದುಕ ಸಿಟ್ಟಾದ್ರ ನಾಕು ರೊಟ್ಟಿ ಬಡದು ಕೊಡು."

ಅವ್ವನಿಗೆ ಎಲ್ಲ ಕಾಯಿಲೆಗೂ ರೊಟ್ಟಿಯೇ ಔಷಧಿ.

ಏಪ್ರಿಲ್ 22, ಮಂಗಳವಾರ

ಎಡಗಡೆಯ ಗಾಜಿನ ಮನೆಯಲ್ಲಿ ಹೂ ಉದುರುತ್ತಿದೆ. ರಾತ್ರಿಯ ಶಾಖ ಎರಡು ಡಿಗ್ರಿ ಇಳಿಸಿ ಎಂದು ಮಾರೈಕೆಗೆ ಹೇಳಿದೆ, ಇಳಿಸಿದಳು. ಸರ್‌ಗೆ ಕೇಳುವುದು ಮರೆತೇಹೋಯಿತು. ನಾಳೆ ಹೇಳಬೇಕು.

ಮೇ 2, ಶುಕ್ರವಾರ

ಹೂ ಉದುರುವುದು ನಿಂತಿದೆ. ಬಿಸಿಲು. ದಾರಿಯುದ್ದಕ್ಕೂ ಟ್ಯೂಲಿಪ್ ಹೂಗಳ ತಲೆ ಕತ್ತರಿಸಿಬಿಟ್ಟಿದ್ದಾರೆ, ಗಡ್ಡೆಗೆ ಬಲ ಬರಲಿ ಎಂದು. ಸೈಕಲ್ಲಿನಲ್ಲಿ ಹಾಡಿಕೊಂಡು ಬಂದೆ.

ಮೇ 20, ಮಂಗಳವಾರ

ಜೂನ್ 11ಕ್ಕೆ ಹೇಗ್‌ನಲ್ಲಿ ವಿಚಾರಣೆಗೆ ಕರೆದಿದ್ದಾರೆ. ನನ್ನ ಬಾಯಿಂದಲೇ ಕೇಳಬೇಕಂತೆ. ನಾನೂ ಬರುತ್ತೇನೆ ಎಂದರು ಸರ್. ನನಗೋಸ್ಕರ ದೋಣಿ ಪ್ರಯಾಣ ಮುಂದಕ್ಕೆ ಹಾಕಿದ್ದಾರೆ. ಐವತ್ತು ವರ್ಷದಲ್ಲಿ ಮೊದಲ ಸಲವಂತೆ.

ಜೂನ್ 11, ಬುಧವಾರ

ಬರೆಯಬೇಕೋ ಬೇಡವೋ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ.

ಸರ್ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು ಬಂದಿದ್ದರು. ರೈಲಿನಲ್ಲಿ ಪೆಪರ್‌ಮಿಂಟ್ ಕೊಟ್ಟರು. ಸಣ್ಣ ಕೋಣೆ, ಉದ್ದ ಮೇಜು, ಎಲ್ಲರ ಮುಂದೂ ನೀರಿನ ಲೋಟ. ಅಧಿಕಾರಿ ನನ್ನದೇ ವಯಸ್ಸಿನ ಹೆಂಗಸು, ಒಂದು ಕಾಗದವನ್ನೂ ಬಿಡದೆ ಓದಿಕೊಂಡು ಬಂದಿದ್ದರು. ಹೂವಿನ ಬಗ್ಗೆ, ಬೀಜದ ಬಗ್ಗೆ ಕೇಳಿದರು. ಸಲೀಸಾಗಿ ಹೇಳಿದೆ. ನಾನು ಹೇಳಿದ ಪ್ರತಿ ಮಾತೂ "ಸರ್ ಸಲಹೆಯಂತೆ" ಎಂದೇ ಮುಗಿಯುತ್ತಿತ್ತು ಎಂದು ಆಮೇಲೆ ವಕೀಲೆ ಹೇಳಿದರು. ಮೇಜಿನ ಕೆಳಗೆ ಅವರು ನನ್ನ ಕಾಲು ಒದ್ದದ್ದು ಅದಕ್ಕಂತೆ, ನಾನು ಸರಿದು ಕೂತಿದ್ದೆ.

ಕೊನೆಗೆ ಅಧಿಕಾರಿ ಪೆನ್ನು ಕೆಳಗಿಟ್ಟರು. "ನಿರ್ಧಾರ ನಿಮ್ಮದು ಎಂದು ಎಲ್ಲರೂ ಹೇಳುತ್ತಿದ್ದಾರೆ. ಚೀಟಿಗಳು ಹಾಗೆ ಹೇಳುತ್ತಿಲ್ಲ. ನನಗೆ ಒಂದೇ ಉದಾಹರಣೆ ಸಾಕು. ಶ್ರೀ ಹೆಂಡ್ರಿಕ್ ಬೇಡ ಎಂದದ್ದನ್ನು ನೀವು ಬೇಕು ಎಂದು ಉಳಿಸಿದ್ದು ಯಾವುದಾದರೂ ಇದೆಯೇ?"

ಇಲ್ಲ ಎನ್ನಲು ಬಾಯಿ ತೆರೆದೆ. ಸರ್ ನನ್ನ ಕಡೆ ನೋಡಿ ನಕ್ಕರು. "ಹೇಳು ಪ್ರಭಾ. ನಾಚಿಕೊಳ್ಳಬೇಡ, ಎಷ್ಟೋ ಇರುತ್ತವೆ," ಎಂದರು. ಅವರ ಮುಖ ನೋಡಿಕೊಂಡು ಸುಳ್ಳು ಹೇಳಲು ಆಗಲಿಲ್ಲ.

ಹೇಳಿದೆ. ಅರವತ್ತೊಂದನೇ ಸಾಲು, ನಾಲ್ಕು ಕುಂಡ, ಎಚ್.ವಿ. ಎಂದು ಬರೆದದ್ದು, ಆಗಸ್ಟ್‌ನಲ್ಲಿ ಬಾಯಿ ಮುಚ್ಚಿಕೊಂಡದ್ದು. "ಯಾನ್ನೆಕೆಯನ್ನು ಆರಿಸಿದ್ದು ನಾನು," ಎಂದೆ. ಇಂಗ್ಲಿಷ್‌ನಲ್ಲಿ ಎಷ್ಟು ಚಿಕ್ಕ ಮಾತು ಅದು. ಮಾರೈಕೆ ಕತ್ತು ತಿರುಗಿಸಿ ಅಪ್ಪನನ್ನು ನೋಡಿದಳು. ಅವರು ಯಾರನ್ನೂ ನೋಡಲಿಲ್ಲ. ಮೇಜಿನ ಮೇಲಿದ್ದ ತಮ್ಮ ಬಲಗೈಯನ್ನೇ ನೋಡುತ್ತ ಕೂತರು.

ಚೀಟಿ ಕಟ್ಟಿದ ಆ ದಿನ ಶ್ರೀ ಹೆಂಡ್ರಿಕ್ ಅಲ್ಲಿರಲಿಲ್ಲ ಎನ್ನಲು ದಾಖಲೆ ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದರು. ನನ್ನ ಹತ್ತಿರ ಏನಿದೆ? ಹತ್ತು ದಿನ ಕೊಟ್ಟಿದ್ದಾರೆ.

ವಾಪಸ್ಸು ರೈಲಿನಲ್ಲಿ ಸರ್ ಒಂದೇ ಒಂದು ಮಾತಾಡಿದರು. "ಎಷ್ಟು ಕುಂಡ?"

"ನಾಲ್ಕು."

ಲೈಡನ್ ಬರುವ ತನಕ ಕಿಟಕಿಯಾಚೆ ನೋಡುತ್ತಿದ್ದರು. ನನಗೆ ಅಳು ಬಂತು, ತಡೆದುಕೊಂಡೆ.

ಜೂನ್ 13, ಶುಕ್ರವಾರ

ಎರಡು ದಿನದಿಂದ ಅವರು ಗಾಜಿನ ಮನೆ ಕಡೆಗೆ ಬಂದಿಲ್ಲ. ಜೋಳದ ರೊಟ್ಟಿ ಬಡಿದೆ, ಶೇಂಗಾ ಚಟ್ನಿ ಪುಡಿ ಜೊತೆಗಿಟ್ಟೆ. ಸ್ಟೀಲ್ ಡಬ್ಬಿಯನ್ನು ಚೀಲದಲ್ಲಿ ಹಾಕಿ ಅವರ ಮನೆ ಬಾಗಿಲ ಹಿಡಿಕೆಗೆ ನೇತು ಹಾಕಿ ಬಂದೆ. ಗಂಟೆ ಒತ್ತುವ ಧೈರ್ಯ ಬರಲಿಲ್ಲ.

ಜೂನ್ 14, ಶನಿವಾರ

ದೋಣಿಗೆ ಹೊರಟುಹೋದರಂತೆ. ಮಗಳಿಗೂ ಹೇಳಿಲ್ಲ, ಅಡುಗೆಮನೆಯಲ್ಲಿ ಚೀಟಿ ಇಟ್ಟು ಹೋಗಿದ್ದಾರೆ. ಡಬ್ಬಿ ಮಾತ್ರ ಕಾಣುತ್ತಿಲ್ಲ ಎಂದಳು ಮಾರೈಕೆ.

ಜೂನ್ 18, ಬುಧವಾರ

ಅಂಚೆಯಲ್ಲಿ ನನ್ನ ಡಬ್ಬಿ ಬಂತು! ಕಂದು ಕಾಗದ ಸುತ್ತಿ, ದಾರ ಕಟ್ಟಿ. ಅಲ್ಲಾಡಿಸಿದರೆ ಸದ್ದಿಲ್ಲ. ತೆರೆದರೆ ಮಡಿಸಿಟ್ಟ ಮೂರು ಹಾಳೆ, ದಾರದ ಹೊಲಿಗೆಯಿಂದ ಕಿತ್ತವು. ದೋಣಿಯ ದಿನಚರಿಯ ಪುಟಗಳು. ಆ ಪುಸ್ತಕದಲ್ಲಿ ಒಂದು ಅಕ್ಷರವನ್ನೂ ಹೊಡೆದು ಹಾಕಿದವರಲ್ಲ ಅವರು, ಮೂರು ಹಾಳೆ ಕಿತ್ತು ಕಳಿಸಿದ್ದಾರೆ. ಆ ಪುಸ್ತಕ ದೋಣಿಯಲ್ಲೇ ಇರುತ್ತದೆ. ಅದನ್ನು ತರಲೆಂದೇ ಹೋಗಿದ್ದರು. ನಾವೆಲ್ಲ ಸಿಟ್ಟು ಮಾಡಿಕೊಂಡು ಹೋದರು ಎಂದುಕೊಂಡೆವು.

ಡಚ್‌ನಲ್ಲಿ ಬರೆದದ್ದನ್ನು ಮಾರೈಕೆ ಓದಿ ಹೇಳಿದಳು: "14 ಜೂನ್ 2022. ತೆರ್ಹೆರ್ನೆ. ಬೆಳಿಗ್ಗೆಯಿಂದ ಮಳೆ. ಇಡೀ ದಿನ ಇಸ್ಪೀಟು. ಸೋತೆ." ಕೆಳಗೆ ಆ ಫ್ರೀಸ್‌ಲ್ಯಾಂಡ್ ಬಂದರಿನ ಅಂದಿನ ರಸೀದಿ ಅಂಟಿಸಿದೆ, ಮೊಹರು ಸಮೇತ.

ಜೊತೆಗೆ ನನಗೊಂದು ಸಣ್ಣ ಕಾಗದ. "ಖಾಲಿ ಡಬ್ಬಿ ವಾಪಸ್ಸು ಕೊಡಬಾರದು ಎಂದು ನೀನೇ ಹೇಳಿದ್ದೆ. ರೊಟ್ಟಿ ಗಟ್ಟಿಯಿತ್ತು. ಎಲ್ಲವನ್ನೂ ತಿಂದೆ. ನನಗೆ ಇನ್ನೂ ಸಿಟ್ಟಿದೆ. ಹೆಂಡ್ರಿಕ್."

ವಕೀಲೆಗೆ ತಲುಪಿಸಿ ಬಂದೆವು. ಅಸಲು ಹಾಳೆಗಳನ್ನು ನೋಡಿ ಅವರು ಮೊದಲ ಸಲ ನಕ್ಕರು. ಅವ್ವನಿಗೆ ಫೋನ್ ಮಾಡಿದೆ. "ಮತ್ತs? ರೊಟ್ಟಿ ಅಂದ್ರ ಏನಂತ ತಿಳದೀ?" ಎಂದಳು.

ಜೂನ್ 30, ಸೋಮವಾರ

ಹೆಂಡ್ರಿಕ್ ವಾಪಸ್ಸು ಬಂದಿದ್ದಾರೆ, ಮೂಗು ಬಿಸಿಲಿಗೆ ಕೆಂಪಾಗಿದೆ. ಸೀದಾ ನನ್ನ ಹತ್ತಿರ ಬಂದು, "ಗೊಬ್ಬರದ ಗುಂಡಿಗೆ ಹಾಕು ಅಂದಿದ್ದೆ ನಾನು," ಎಂದರು.

"ಹಾಕಿದ್ದೆ. ನಾಲ್ಕು ಬಿಟ್ಟು."

"ಮೂರು ವರ್ಷ ಊರಿಗೆಲ್ಲ ಕೈ ಎತ್ತಿ ತೋರಿಸುವಾಗ ನಿನಗೆ ನಗು ಬರಲಿಲ್ಲವೇ?"

"ಒಂದೆರಡು ಸಲ ಬಂತು," ಎಂದೆ.

ಗುರ್ ಎನ್ನುತ್ತ ಹೋದರು. ಬಾಗಿಲ ಹತ್ತಿರ ನಿಂತು, "ಯಾನ್ನೆಕೆಯೂ ಹೀಗೆಯೇ ಇದ್ದಳು. ನಾನು ಎಸೆದದ್ದೆಲ್ಲ ಎತ್ತಿಟ್ಟುಕೊಳ್ಳುವವಳು. ಹೆಸರು ಬದಲಿಸುವುದು ಬೇಡ," ಎಂದರು. ಆಮೇಲೆ ಹೋದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅರ್ಧ ಗಂಟೆ ಯಾವ ಹೂವನ್ನೂ ಮುಟ್ಟಲಿಲ್ಲ, ಮೊಗ್ಗು ಮುರಿದೀತು ಎಂದು.

ಜುಲೈ 17, ಗುರುವಾರ

ಬಂತು! ಆಕ್ಷೇಪಣೆ ಒಪ್ಪಿದ್ದಾರೆ. ತಿರಸ್ಕಾರ ರದ್ದು, ಪರವಾನಗಿ ಮಂಜೂರು. ಗಾನವಿ ಆಫೀಸಿನಿಂದಲೇ ಫೋನಿನಲ್ಲಿ ಕಿರುಚಿದಳು, "ಅಕ್ಕಾ, ಇವತ್ತು ನೀವು ಅಡುಗೆ ಮಾಡಂಗಿಲ್ಲ, ಆರ್ಡರ್ ಮಾಡೋಣ!" ಮಾರೈಕೆ ಕೇಕ್ ತಂದಳು. ಇಲ್ಲಿಯ ಪದ್ಧತಿಯಂತೆ ಒಬ್ಬರಿಗೆ ಒಂದೇ ತುಂಡು. ನಾನು ಕೇಳಿ ಎರಡನೆಯದು ಹಾಕಿಸಿಕೊಂಡೆ.

ಜುಲೈ 25, ಶುಕ್ರವಾರ

ಕೆಲಸ ಬಹಳ, ನಾಲ್ಕೇ ಸಾಲು ಬರೆಯುತ್ತೇನೆ. ಒಂಬತ್ತನೇ ಸಾಲಿನಲ್ಲಿ ಐದು ಗಿಡ ಆರಿಸಿ ಸಿ.ಪಿ. ಎಂದು ನನ್ನ ಹೆಸರಿನ ಚೀಟಿ ಕಟ್ಟಿದೆ. ಹದಿನಾಲ್ಕನೇ ಸಾಲನ್ನು ಪೂರ್ತಿ ಕಿತ್ತು ಹಾಕಿದೆ. ಹೆಂಡ್ರಿಕ್ ಬಂದು, "ಆ ಬಣ್ಣ!" ಎಂದರು. ಸಿಪ್ಪೆ ತಿಂದು ನೋಡಿ ಎಂದೆ. ತಿಂದರು, ಅಗಿದರು, ಅಗಿಯುತ್ತಲೇ ಹೋದರು. ನಾಳೆ ಗಾನವಿ ಜೊತೆ ಯುಟ್ರೆಕ್ಟ್‌ನಲ್ಲಿ ಸೀರೆ ಅಂಗಡಿ, ಊಟ.

ಜುಲೈ 28, ಸೋಮವಾರ

ಪೈಪು ಹುಡುಕುತ್ತ ಸಾಮಾನಿನ ಕೋಣೆಯ ಹಿಂದೆ ಹೋಗಿದ್ದೆ. ಮಳೆನೀರಿನ ಪೀಪಾಯಿಯ ಮರೆಯಲ್ಲಿ ನಾಲ್ಕು ಕುಂಡಗಳಿದ್ದವು. ಮೊಣಕಾಲೆತ್ತರಕ್ಕೆ ಕತ್ತರಿಸಿದ ಗಿಡಗಳು. ಗೆಣ್ಣಿನ ನೇರಳೆ ಬಣ್ಣ ನೋಡಿದ ಕೂಡಲೇ ಗೊತ್ತಾಯಿತು, ಹದಿನಾಲ್ಕನೇ ಸಾಲಿನವು.

ಎಲ್ಲಕ್ಕೂ ಚೀಟಿ ಕಟ್ಟಿತ್ತು. ಮುದುಕರ ನಡುಗುವ ಅಕ್ಷರ: 14, ಸಿ.ಪಿ., 26-7-25.

ಇಪ್ಪತ್ತಾರು ಶನಿವಾರ. ಅಂದು ಬೆಳಿಗ್ಗೆಯಿಂದ ಸಂಜೆಯ ತನಕ ನಾನು ಯುಟ್ರೆಕ್ಟ್‌ನಲ್ಲಿದ್ದೆ.

ಮಣ್ಣು ಮುಟ್ಟಿ ನೋಡಿದೆ, ಒಣಗಿತ್ತು. ನಾಲ್ಕಕ್ಕೂ ನೀರು ಹಾಕಿ, ಪೀಪಾಯಿಯನ್ನು ಸ್ವಲ್ಪ ಈಚೆಗೆ ಸರಿಸಿ ಮರೆ ಮಾಡಿ ಬಂದೆ. ಯಾರಿಗೂ ಹೇಳಿಲ್ಲ.